ಕೇಳದೆ ತೆಗೆದ ಚಿತ್ರ

ನಾನು ಮಠದ ಪಾಠಶಾಲೆಯಲ್ಲಿ ಓದುತ್ತಿದ್ದ ಕಾಲದಲ್ಲಿ ಛಾಯಾಚಿತ್ರವೆಂದರೆ ವರ್ಷಕ್ಕೊಮ್ಮೆ ನಡೆಯುವ ಒಂದು ವಿಧಿಯಂತಿತ್ತು. ಮಿಂದು, ಒಗೆದ ಧೋತರವುಟ್ಟು, ಹಣೆಗೆ ವಿಭೂತಿ ಧರಿಸಿ, ಗುರುಗಳ ಹಿಂದೆ ಸಾಲಾಗಿ ಉಸಿರು ಬಿಗಿಹಿಡಿದು ನಿಲ್ಲುತ್ತಿದ್ದೆವು. ಸಿದ್ಧನಾಗಿರದ ಮನುಷ್ಯನ ಚಿತ್ರವನ್ನು ಅವನಿಗೆ ತಿಳಿಯದಂತೆ ಬೀದಿಯಲ್ಲಿ ತೆಗೆಯುವುದೂ ಒಂದು ಕಲೆಯೆಂಬುದು ನನಗೆ ಅರಿವಾದದ್ದು ಅರವತ್ತು ದಾಟಿದ ಮೇಲೆ, ಬೆಂಗಳೂರಿನಲ್ಲಿ ನೌಕರಿಯಲ್ಲಿರುವ ತಂಗಿಯ ಮಗನಿಂದ.

ಅವನ ಮನೆಗೆ ಹೋಗಿದ್ದಾಗ ವಿವಿಯನ್ ಮೇಯರ್ ಎಂಬಾಕೆಯ ಚಿತ್ರಗಳ ಪುಸ್ತಕವನ್ನು ನನ್ನ ಮುಂದೆ ತೆರೆದಿಟ್ಟನು. 1926ರಲ್ಲಿ ನ್ಯೂಯಾರ್ಕಿನಲ್ಲಿ ಹುಟ್ಟಿದ ಈಕೆ, ಷಿಕಾಗೊ ನಗರದಲ್ಲಿ ಪರರ ಮಕ್ಕಳನ್ನು ನೋಡಿಕೊಳ್ಳುವ ದಾದಿಯಾಗಿ ದಶಕಗಳನ್ನು ಕಳೆದವಳು. ಮಕ್ಕಳನ್ನು ತಿರುಗಾಡಿಸಲು ಹೊರಟಾಗಲೂ ಕೊರಳಲ್ಲಿ ರೋಲಿಫ್ಲೆಕ್ಸ್ ಕ್ಯಾಮೆರಾ. ಆ ಯಂತ್ರವನ್ನು ಕಣ್ಣಿಗೆ ಹಿಡಿಯಬೇಕಾಗಿಲ್ಲ. ಎದೆಯ ಕೆಳಗೆ ಹಿಡಿದು, ತಲೆ ಬಾಗಿಸಿ, ಮೇಲಿನ ಗಾಜಿನಲ್ಲಿ ಎಡಬಲ ಅದಲುಬದಲಾಗಿ ಮೂಡುವ ಬಿಂಬವನ್ನು ನೋಡಬೇಕು. ಹೀಗಾಗಿ ಎದುರಿನವರಿಗೆ ಅನೇಕ ವೇಳೆ ಏನಾಯಿತೆಂದೇ ತಿಳಿಯದು. ತಿಳಿದ ಕೆಲವರು ಅವಳತ್ತ ದುರುಗುಟ್ಟಿ ನೋಡುತ್ತಿರುವುದೂ ಚಿತ್ರದಲ್ಲಿದೆ. ಅಳುವ ಮಗು, ದಾರಿಯಲ್ಲೇ ನಿದ್ದೆಹೋದವರು, ತುಪ್ಪಳದ ಕೋಟು ತೊಟ್ಟ ಸಿರಿವಂತ ಗೃಹಿಣಿಯರು. ಹೀಗೆ ಲಕ್ಷಕ್ಕೂ ಮೀರಿದ ನೆಗೆಟಿವುಗಳು! ಅವನ್ನು ಆಕೆ ಪ್ರಕಟಿಸಲಿಲ್ಲ, ಪ್ರದರ್ಶಿಸಲಿಲ್ಲ. ಎಷ್ಟೋ ಸುರುಳಿಗಳನ್ನು ತೊಳೆಸಲೂ ಇಲ್ಲ. 2007ರಲ್ಲಿ, ಪೆಟ್ಟಿಗೆಗಳನ್ನಿರಿಸಿದ್ದ ಉಗ್ರಾಣದ ಬಾಡಿಗೆ ಬಾಕಿಯುಳಿದು ಅವು ಹರಾಜಾದವು. ಲೋಕವು ಅವಳನ್ನು ಕೊಂಡಾಡಿದ್ದು 2009ರಲ್ಲಿ ಆಕೆ ತೀರಿಕೊಂಡ ಬಳಿಕ. ಕೇಳದೆ ಚಿತ್ರ ತೆಗೆದವಳ ಪೆಟ್ಟಿಗೆಯನ್ನು ಲೋಕವೂ ಅವಳನ್ನು ಕೇಳದೆಯೇ ತೆರೆಯಿತಲ್ಲ ಎಂದುಕೊಂಡೆನು.

“ನಾಳೆ ನಸುಕಿನ್ಯಾಗ ನನ್ನ ಕೂಡ ಬರ್ರಿ ಮಾಮಾ” ಎಂದನು ಅಳಿಯ.

ಕೃಷ್ಣರಾಜ ಮಾರುಕಟ್ಟೆಯಲ್ಲಿ, ಚೆಂಡುಹೂವಿನ ರಾಶಿಯ ಪಕ್ಕ, ಖಾಲಿ ಚೀಲಗಳ ಮೇಲೆ, ತಲೆಯ ಸಿಂಬಿಯನ್ನೇ ದಿಂಬಾಗಿಸಿಕೊಂಡು ಹಮಾಲನೊಬ್ಬನು ಮಲಗಿದ್ದನು. ದೀಪದ ಬೆಳಕು ಹೂವಿಗೆ ತಾಗಿ ಅವನ ಮುಖವೆಲ್ಲ ಹೊಂಬಣ್ಣವಾಗಿತ್ತು. ಅಳಿಯನು ಚಿತ್ರ ತೆಗೆದನು. ಹಮಾಲನಿಗೆ ಎಚ್ಚರವಾಯಿತು. ಬೈಯುವನೆಂದು ನಾನು ಅಂಜಿದೆನು. ಅವನೋ ನನ್ನ ವಿಭೂತಿಯನ್ನು ನೋಡಿ ಕೈಮುಗಿದನು.

“ಅಜ್ಜಾರ, ನಿಮ್ಮ ಹುಡುಗಗ ಹೇಳ್ರಿ. ಊರಾಗ ಮಗಳ ಲಗ್ನದ ಮಾತು ನಡದೈತ್ರಿ. ನಾ ಇಲ್ಲಿ ಅಂಗಡಿ ಗುಮಾಸ್ತ ಅಂತ ಹೇಳೇವ್ರಿ. ಇದು ಮೊಬೈಲಿನಾಗ ಅಲ್ಲಿಗೆ ಮುಟ್ಟೀತ್ರಿ.”

ಇದು ಸಾರ್ವಜನಿಕ ಬೀದಿ, ಇದು ಕಲೆ ಎಂದು ಅಳಿಯನು ಏನೋ ಹೇಳಲಾರಂಭಿಸಿದನು. ನಾನು ತಡೆಯಲಿಲ್ಲ. ನಿಜ ಹೇಳಬೇಕೆಂದರೆ, ಅಷ್ಟು ಚೆಲುವಾದ ಚಿತ್ರವು ಉಳಿಯಲೆಂದೇ ನನ್ನ ಮನಸ್ಸೂ ಬಯಸುತ್ತಿತ್ತು. ಇಷ್ಟು ವರ್ಷ ಪರರ ಮಾನದ ಬಗೆಗೆ ಉಪನ್ಯಾಸ ಮಾಡುತ್ತ ಬಂದವನು ನಾನು!

ಕೊನೆಗೆ ಅಳಿಯನೇ ಕ್ಯಾಮೆರಾವನ್ನು ಅವನ ಕೈಗೆ ಕೊಟ್ಟನು. ಅವನು ಬಹಳ ಹೊತ್ತು ನೋಡಿದನು.

“ಚಲೋ ಬಂದೈತ್ರಿ,” ಎಂದನು. ಸ್ವಲ್ಪ ತಡೆದು, “ಅಳಸಿಬಿಡ್ರಿ.”

ಅವನೆದುರಿಗೇ ಅಳಿಸಿದ್ದಾಯಿತು. ಕೊಡಿಸಿದ ಚಹಾ ಕುಡಿದು, ಸಿಂಬಿಯನ್ನು ತಲೆಗಿಟ್ಟು, ಹೂವಿನ ಬುಟ್ಟಿ ಹೊತ್ತು ಅವನು ಜನಸಂದಣಿಯಲ್ಲಿ ಮರೆಯಾದನು. ಹೋಗುವ ಮುನ್ನ ತನ್ನ ಊರಿನ ಹೆಸರನ್ನು ಹೇಳಿದ್ದನು. ಅದನ್ನು ನಾನಿಲ್ಲಿ ಬರೆಯುವುದಿಲ್ಲ.