ಸೂರ್ಯಾಸ್ತದ ಲೆಕ್ಕ

ಮನುಷ್ಯನಿಗೆ ಆಯುಸ್ಸುಂಟು, ಮರಕ್ಕೂ ಉಂಟು. ಸರಕಾರದ ಕಚೇರಿಗೆ ಮಾತ್ರ ಅಂಥ ಮಿತಿಯಿಲ್ಲವೆಂಬುದು ಲೋಕದ ಅನುಭವ. ಹುಟ್ಟಿದ ಕಾರಣವನ್ನು ತಾನೇ ಮರೆತ ಮೇಲೂ ಅದು ಬಾಳುತ್ತಿರುತ್ತದೆ. ಅಮೆರಿಕದ ಟೆಕ್ಸಾಸ್ ಸಂಸ್ಥಾನದವರು 1977ರಲ್ಲಿ ಇದಕ್ಕೊಂದು ಉಪಾಯವನ್ನು ಹೂಡಿದರು. ಆ ಶಾಸನಕ್ಕೆ ಸೂರ್ಯಾಸ್ತದ ಶಾಸನವೆಂದೇ ಹೆಸರು. ಅದಕ್ಕೆ ಒಳಪಟ್ಟ ಇಲಾಖೆಗಳನ್ನು ಸಾಮಾನ್ಯವಾಗಿ 12 ವರುಷಕ್ಕೊಮ್ಮೆ ಪರೀಕ್ಷಿಸುತ್ತಾರೆ. ಶಾಸನಸಭೆಯು ಬೇಕೆಂದು ಹೇಳದಿದ್ದರೆ ಇಲಾಖೆಯು ಗೊತ್ತಾದ ದಿನದಂದು ಅಸ್ತಂಗತವಾಗಬೇಕು.

1963ರಲ್ಲಿ ಎರಡು ಹಳೆಯ ಮಂಡಲಿಗಳನ್ನು ಕೂಡಿಸಿ ರಚಿಸಿದ ಉದ್ಯಾನ ಮತ್ತು ವನ್ಯಜೀವಿ ಇಲಾಖೆಗೆ 2021ರಲ್ಲಿ ಈ ಸರದಿ ಬಂದು, 2033ರವರೆಗೆ ಆಯುಸ್ಸು ದೊರೆಯಿತು.

ಇದರಿಂದ ಬೊಕ್ಕಸಕ್ಕೆ ಭಾರವೆಷ್ಟು? ನಡೆಯುತ್ತಿರುವ ವೆಚ್ಚವು ಮುಂದೆಯೂ ನಡೆಯುವುದೆಂದಿಟ್ಟುಕೊಂಡು, ಅದರ ಮೇಲಿನ ಏರಿಳಿತವನ್ನು ಮಾತ್ರ ಎಣಿಸುವುದು ಲೆಕ್ಕಿಗರ ಕ್ರಮ. ಆದುದರಿಂದ ಬರಿಯ ಮುಂದುವರಿಕೆಯ ಭಾರವು ಕಾಗದದ ಮೇಲೆ ಸೊನ್ನೆಯಾಗಿ ಕಾಣುವುದು. ಅಜ್ಜಿಯನ್ನು ಇನ್ನು ಹನ್ನೆರಡು ವರುಷ ಮನೆಯಲ್ಲಿಟ್ಟುಕೊಂಡರೆ ಹೆಚ್ಚಿನ ಖರ್ಚೇನೆಂದು ಕೇಳಿದರೆ ಗೃಹಸ್ಥನು ಏನೂ ಇಲ್ಲವೆನ್ನುವನು. ಅವಳ ಪಾಲಿನ ಅಕ್ಕಿಯನ್ನು ದಿನವೂ ಅಳೆಯುತ್ತಲೇ ಇದ್ದಾರಷ್ಟೆ. ಮೇಲಾಗಿ ಈ ಅಜ್ಜಿಯ ಹೆಸರಿನಲ್ಲಿ ಪಿಂಚಣಿಯೂ ಬರುತ್ತದೆ. 1937ರ ಕೇಂದ್ರ ಶಾಸನವೊಂದರಂತೆ ಬಂದೂಕು, ಮದ್ದುಗುಂಡುಗಳ ಮೇಲಣ ತೆರಿಗೆಯನ್ನು ಸಂಸ್ಥಾನಗಳಿಗೆ ಹಂಚುತ್ತಾರೆ; ಆದರೆ ಬೇಟೆಯ ಪರವಾನಗಿಯಿಂದ ಬಂದ ಹಣವನ್ನು ವನ್ಯಜೀವಿಗಳ ಇಲಾಖೆಯ ಕೆಲಸಕ್ಕಲ್ಲದೆ ಬೇರೆಡೆಗೆ ತಿರುಗಿಸುವವರಿಗೆ ಆ ಪಾಲಿಲ್ಲ.

ನಿಜವಾದ ಬವಣೆ ಇರುವುದು ಉದ್ಯಾನಗಳ ಪಾಲಿನಲ್ಲಿ. ಆಟ ಮತ್ತು ವನವಿಹಾರದ ಸಾಮಗ್ರಿಗಳ ಮಾರಾಟ ತೆರಿಗೆಯಿಂದ ಅವುಗಳನ್ನು ಪೋಷಿಸಬೇಕೆಂದು 1993ರಲ್ಲಿಯೇ ಗೊತ್ತುಮಾಡಿದ್ದರು. ಆದರೆ ಶಾಸನಸಭೆಯು ಬಹು ವರುಷಗಳ ಕಾಲ ಅದರಲ್ಲೊಂದು ಭಾಗವನ್ನಷ್ಟೇ ಕೊಟ್ಟು, ಉಳಿದುದನ್ನು ಬೇರೆ ಕಾರ್ಯಗಳಿಗೆ ಒದಗಿಸಿಕೊಂಡಿತು. ಹುಂಡಿಯ ಮೇಲೆ ದೇವರ ಹೆಸರು, ಬೀಗದ ಕೈ ಧರ್ಮದರ್ಶಿಯ ಸೊಂಟದಲ್ಲಿ! ಕೊನೆಗೆ 2019ರಲ್ಲಿ ಜನರೇ ನೂರಕ್ಕೆ 88ರಷ್ಟು ಮತವಿತ್ತು, ಆ ತೆರಿಗೆಯೆಲ್ಲವೂ ಉದ್ಯಾನಗಳಿಗೂ ಐತಿಹಾಸಿಕ ಸ್ಥಳಗಳಿಗೂ ಸಲ್ಲಬೇಕೆಂದು ಸಂವಿಧಾನದಲ್ಲಿ ಬರೆಯಿಸಿದರು.

ಆಯುಸ್ಸು ದೊರೆಯಿತು, ಅನ್ನವೂ ದೊರೆಯಿತು. ಆದರೆ ಕಾಲ ಕೆಳಗಿನ ನೆಲ? ಫೇರ್‌ಫೀಲ್ಡ್ ಸರೋವರದ ಉದ್ಯಾನವು 1976ರಲ್ಲಿ ತೆರೆದದ್ದು. ಆ ನೆಲವು ವಿದ್ಯುತ್ ಕಂಪೆನಿಯದು. ಇಲಾಖೆಯು ಬಾಡಿಗೆಯಿಲ್ಲದ ಗೇಣಿಯ ಮೇಲೆ ನಡೆಯಿಸುತ್ತಿದ್ದಿತು. ಕಲ್ಲಿದ್ದಲ ಸ್ಥಾವರವು 2018ರಲ್ಲಿ ನಿಂತಿತು. ಕಂಪೆನಿಯು ನೆಲವನ್ನು ಮಾರಲು ಹೊರಟಿತು. 2023ರಲ್ಲಿ ಅದು ಬಂಗಲೆಗಳನ್ನು ಕಟ್ಟುವವರ ಕೈಸೇರಿ, ಉದ್ಯಾನದ ಬಾಗಿಲು ಮುಚ್ಚಿತು. ಬಲವಂತದಿಂದಲಾದರೂ ವಶಪಡಿಸಿಕೊಳ್ಳಬೇಕೆಂದು ಇಲಾಖೆಯು ಹೊರಟಾಗ ಪಂಚರು ಕಟ್ಟಿದ ಬೆಲೆ ಸುಮಾರು 41 ಕೋಟಿ 80 ಲಕ್ಷ ಡಾಲರು. ಕೊಂಡವರು ಕೊಟ್ಟುದು ಸುಮಾರು 11 ಕೋಟಿಯಂತೆ! ಇಲಾಖೆಯು ಕೈಬಿಟ್ಟಿತು. ಅದೇ ವರುಷದ ನವೆಂಬರಿನಲ್ಲಿ, ಹೊಸ ಉದ್ಯಾನಗಳಿಗಾಗಿ ನೆಲ ಕೊಳ್ಳಲು ನೂರು ಕೋಟಿ ಡಾಲರಿನ ನಿಧಿಯೊಂದಕ್ಕೆ ಟೆಕ್ಸಾಸಿನ ಜನರು ಒಪ್ಪಿಗೆಯ ಮತವನ್ನು ಕೊಟ್ಟರು.