ಹದಿನಾರೆಳೆಯ ಲೆಕ್ಕ

ಪ್ರವಾಸಕ್ಕೆ ಹೋದರೆ ಈಗ ಸುಮ್ಮನೆ ನೋಡಿಕೊಂಡು ಬರಲು ಬಿಡುವುದಿಲ್ಲ, ಕೂರಿಸಿ ಏನಾದರೂ ಮಾಡಿಸುತ್ತಾರೆ. ನನಗಿದು ಹಿಡಿಸದು. ಜಯನಗರದಿಂದ ಮನೆಮಂದಿಯೆಲ್ಲ ಬಾಲಿಗೆ ಹೊರಟಾಗ ಅಣ್ಣನ ಮಗಳ ಪಟ್ಟಿಯಲ್ಲಿ ಒಂದಿಡೀ ದಿನ ‘ಸ್ಥಳೀಯ ಕಲೆ, ಕರಕುಶಲ’ಕ್ಕೇ ಮೀಸಲಾಗಿತ್ತು. ಚೆಲುಕ್‌ನಲ್ಲಿ ಬೆಳ್ಳಿ, ಮಾಸ್‌ನಲ್ಲಿ ಮರದ ಕೆತ್ತನೆ, ಮಧ್ಯಾಹ್ನ ಉಬುದ್‌ನಲ್ಲಿ ‘ನೀವೇ ಮಾಡಿ ನೋಡಿ’. ಬೆಳ್ಳಿಯಂಗಡಿಯಲ್ಲಿ ಅತ್ತಿಗೆ ಗ್ರಾಂ ಲೆಕ್ಕ ವಿಚಾರಿಸಿದರು, ಕೆತ್ತನೆಯಂಗಡಿಯಲ್ಲಿ ಅಣ್ಣ ಗರುಡನ ಪಕ್ಕ ನಿಂತು ಫೋಟೊ ತೆಗೆಸಿಕೊಂಡ. ಅಲ್ಲಿಗೆ ಎರಡು ಊರು ಮುಗಿದವು.

ಉಬುದ್‌ನಲ್ಲಿ ಮಾಡಬೇಕಾಗಿದ್ದದ್ದು ಚನಾಂಗ್ ಸಾರಿ. ಅಲ್ಲಿನ ಹೆಂಗಸರು ದಿನಾ ಮನೆ, ಅಂಗಡಿ, ಗುಡಿಯ ಮುಂದೆ ಇಡುವ ಅಂಗೈಯಗಲದ ಪೂಜೆಬುಟ್ಟಿ. ತೆಂಗಿನ ಎಳೆಗರಿ ಮಡಚಿ ಬಿದಿರುಕಡ್ಡಿ ಚುಚ್ಚಬೇಕು. ಒಳಗೆ ವೀಳ್ಯ, ಅಡಿಕೆ, ಸುಣ್ಣ. ಮೇಲೆ ಪೂರ್ವಕ್ಕೆ ಬಿಳಿ ಹೂ, ದಕ್ಷಿಣಕ್ಕೆ ಕೆಂಪು, ಪಶ್ಚಿಮಕ್ಕೆ ಹಳದಿ, ಉತ್ತರಕ್ಕೆ ನೀಲಿಯೋ ಹಸಿರೋ. ಕಲಿಸುವ ಹುಡುಗಿ ಮೊದಲ ಮಡಿಕೆ ತೋರಿಸುವಷ್ಟರಲ್ಲಿ ಅಮ್ಮ ಬುಟ್ಟಿ ಮುಗಿಸಿ, “ಇವಳ್ಯಾಕೆ ಸ್ಟೇಪ್ಲರ್ ಹಿಡ್ಕೊಂಡಿದಾಳೆ?” ಎಂದಳು. ಮುತ್ತುಗದೆಲೆ ಹಚ್ಚಿ ಹಚ್ಚಿ ಪಳಗಿದ ಕೈ! ಎಲ್ಲರೂ ಚಪ್ಪಾಳೆ ತಟ್ಟಿದರು, ಪ್ರಮಾಣಪತ್ರವೂ ಸಿಕ್ಕಿತು. ಅಮ್ಮನ ಹುಬ್ಬು ಮಾತ್ರ ಗಂಟಿಕ್ಕಿತು.

“ಇಷ್ಟು ವರ್ಷ ಗೆಜ್ಜೆವಸ್ತ್ರ ಮಾಡಿದೆ. ಯಾರಾದ್ರೂ ಒಂದು ಚಪ್ಪಾಳೆ ತಟ್ಟಿದ್ರಾ?” ಎಂದಳು ಸಂಜೆ.

ತಟ್ಟಿರಲಿಲ್ಲ. ಶ್ರಾವಣ ಬಂತೆಂದರೆ ಅಮ್ಮನ ಮಡಿಲ ತುಂಬ ಹತ್ತಿ. ಬೀಜ ತೆಗೆದು, ಹಿಂಜಿ, ಬೆರಳ ತುದಿಗೆ ಒಂಚೂರು ವಿಭೂತಿ ಮುಟ್ಟಿಸಿಕೊಂಡು ಹೊಸೆಯುವುದು. ಅಲ್ಲಲ್ಲಿ ಚಿವುಟಿದಂತೆ ಸಣ್ಣಗಾಗಬೇಕು, ನಡುನಡುವೆ ಉಬ್ಬಬೇಕು, ಚಿವುಟಿದ ಕಡೆ ಕುಂಕುಮದ ನೀರು. ಗೌರಿಗೆ 16 ಎಳೆ, ಗಣಪನಿಗೆ 21. ಬಿಗಿ ಹೆಚ್ಚಾದರೆ ಬರೀ ದಾರ, ಸಡಿಲವಾದರೆ ಬರೀ ಹತ್ತಿ. ಫ್ಯಾನ್ ಹಾಕುವಂತಿಲ್ಲ, ಹತ್ತಿ ಹಾರುತ್ತದೆ. ನಾವು ಸೆಕೆಗೆ ಗೊಣಗುತ್ತ ಕೂತಿರುತ್ತಿದ್ದೆವು. ಪೂಜೆಯಾದ ಮೇಲೆ ಗೌರಿಯ ಜೊತೆ ಅದೂ ನೀರಿಗೆ. ಬಾಲಿಯ ಬುಟ್ಟಿಯೂ ಹಾಗೇ, ಮರುದಿನ ಗುಡಿಸಿ ಹಾಕುವ ಕಸ. ಬೆಳ್ಳಿ ಉಳಿಯುತ್ತದೆ, ಮರ ಉಳಿಯುತ್ತದೆ, ಅವಕ್ಕೆ ಅಂಗಡಿ, ಬೋರ್ಡು ಎಲ್ಲ ಉಂಟು. ಹತ್ತಿಗೂ ತೆಂಗಿನಗರಿಗೂ ಇರುವುದು ನಾಳೆ ಮತ್ತೆ ಕೂತು ಮಾಡುವ ಹೆಂಗಸು ಮಾತ್ರ.

ಅವಳಿಗೂ ಪುರುಸೊತ್ತು ಬೇಕಲ್ಲ. ಬಾಲಿಯಲ್ಲಿ ಈಗ ಅನೇಕರು ಬುಟ್ಟಿಯನ್ನು ಸಂತೆಯಲ್ಲೇ ಕೊಳ್ಳುತ್ತಾರೆ. ಅಮ್ಮನ ಬೆರಳು ಮರಗಟ್ಟಿದ ಮೇಲೆ ನಾವೂ ಜಯನಗರ 4ನೇ ಬ್ಲಾಕಿನಲ್ಲಿ ಗೆಜ್ಜೆವಸ್ತ್ರ ಕೊಳ್ಳುತ್ತೇವೆ. ಈ ಸಲದ ಗೌರಿಹಬ್ಬಕ್ಕೆ ಅಲ್ಲಿ ಅತ್ತಿಗೆ ಹತ್ತು ರೂಪಾಯಿಗೆ ಎಳೆದಾಡುತ್ತಿದ್ದರು. ಉಬುದ್‌ನಲ್ಲಿ ಕೇಳಿದಷ್ಟನ್ನು ಕಮಕ್ ಕಿಮಕ್ ಎನ್ನದೆ ಕೊಟ್ಟ ಅದೇ ಅತ್ತಿಗೆ.

“ಕೊಟ್ಟುಬಿಡಮ್ಮ, ಹೊಸೆದಿರೋ ಹದ ನೋಡು” ಎಂದು ಅಮ್ಮ ರೇಗಿದಳು.

ಅತ್ತಿಗೆ ಕೊಟ್ಟರು. ಅಮ್ಮ ಪಕ್ಕದ ಹೂವಿನವಳ ಹತ್ತಿರ ಹೋಗಿ, ಸೇವಂತಿಗೆಯ ಮಾರಿಗೆ ಇಪ್ಪತ್ತು ರೂಪಾಯಿ ಇಳಿಸುವವರೆಗೂ ಜಗ್ಗಲಿಲ್ಲ.