ದೋಣಿಯ ಭಾರ, ಕಾಗದದ ಭಾರ

ಕಡಲನ್ನು ನಂಬಿ ಬಾಳುವವರ ನಡುವೆ ಹಳೆಯ ದೋಣಿಯೊಂದು ಮಾರಾಟಕ್ಕೆ ಬಂದಿತೆಂದರೆ, ನೋಡಹೋಗುವವನು ಹೊರಡುವ ಮೊದಲೇ ಅದರ ಜಾತಕವು ಊರೆಲ್ಲ ಸಂಚರಿಸಿರುತ್ತದೆ. ಯಾರು ಮಾಡಿಸಿದ್ದು, ಯಾವ ಅಳಿವೆಯಲ್ಲಿ ಮಗುಚಿದ್ದು, ಯಾವ ಸಾಲಕ್ಕೆ ಒತ್ತೆಯಾಗಿದ್ದು ಎಂಬುದೆಲ್ಲ ಚಹದಂಗಡಿಯ ಬೆಂಚಿನ ಮೇಲೆಯೇ ವಿದಿತವಾಗುತ್ತದೆ. ಗಂಗೊಳ್ಳಿಯ ಕಡೆಯವರಾದ ನನ್ನ ಭಾವನವರು ಔಟ್‌ಬೋರ್ಡ್ ಎಂಜಿನಿನ ಫೈಬರ್ ನಾಡದೋಣಿಯೊಂದನ್ನು ಕೊಳ್ಳಹೊರಟಾಗ ನನ್ನನ್ನು ಜೊತೆಗೆ ಕರೆದೊಯ್ದದ್ದು, ಸರಕಾರಿ ಕಾಗದಗಳ ಭಾಷೆ ನನಗೆ ಅರ್ಥವಾದೀತೆಂಬ ಭರವಸೆಯಿಂದ.

ಕಾಗದಗಳೇನೋ ಇದ್ದವು. ಮೀನುಗಾರಿಕೆಯ ದೋಣಿಗೆ ನೋಂದಣಿ ಪತ್ರ ಬೇಕು, 1986ರ ಕರ್ನಾಟಕ ಕಡಲ ಮೀನುಗಾರಿಕೆ ನಿಯಂತ್ರಣ ಕಾಯಿದೆಯ ಮೇರೆಗೆ ಪರವಾನಗಿ ಬೇಕು, ರಿಯಾಯಿತಿ ದರದ ಸೀಮೆಎಣ್ಣೆ ದೊರೆಯಬೇಕಾದರೆ ಅದಕ್ಕೊಂದು ಪರ್ಮಿಟ್ ಬೇಕು. ಇವೆಲ್ಲವೂ ಪ್ಲಾಸ್ಟಿಕ್ ಚೀಲವೊಂದರಲ್ಲಿ ಉಪ್ಪುಗಾಳಿಗೆ ಮೆತ್ತಗಾಗಿ, ಒಂದಕ್ಕೊಂದು ಅಂಟಿಕೊಂಡು, ಅವಿಭಕ್ತ ಕುಟುಂಬದ ಸದಸ್ಯರಂತೆ ಕುಳಿತಿದ್ದವು. ಆದರೆ ನೋಂದಣಿ ಪತ್ರದಲ್ಲಿ ವರ್ಣಿತವಾಗಿದ್ದ ಎಂಜಿನ್ 8 ಅಶ್ವಶಕ್ತಿಯದು. ದೋಣಿಯ ಹಿಂಬದಿಯ ಹಲಗೆಯ ಮೇಲೆ ವಿರಾಜಮಾನವಾಗಿದ್ದುದೋ 15 ಅಶ್ವಶಕ್ತಿಯದು.

ಹೆಚ್ಚಾದರೆ ಲಾಭವೇ ಅಲ್ಲವೇ ಎಂದು ಮಾರುವವರ ವಾದ. ಹಳೆಯದು ಎರಡು ಸ್ಟ್ರೋಕಿನದು, ಹೊಗೆ ಕಾರುತ್ತಿತ್ತು; ಇದು ನಾಲ್ಕು ಸ್ಟ್ರೋಕಿನದು, ಕಡಮೆ ಕುಡಿಯುತ್ತದೆ, ಕಡಮೆ ಗದ್ದಲ ಮಾಡುತ್ತದೆ. ಮಾತು ದಿಟವೇ. ಆದರೆ ಎರಡು ಸ್ಟ್ರೋಕಿನ ಯಂತ್ರದಲ್ಲಿ ಸುತ್ತಿಗೊಂದು ದಹನವಾದರೆ ನಾಲ್ಕು ಸ್ಟ್ರೋಕಿನದರಲ್ಲಿ ಎರಡು ಸುತ್ತಿಗೊಂದು. ಆದುದರಿಂದ ಅಷ್ಟೇ ಶಕ್ತಿಯನ್ನು ಪಡೆಯಲು ಸಿಲಿಂಡರ್ ಹಿರಿದಾಗಬೇಕು, ಕವಾಟಗಳೂ ಎಣ್ಣೆಯ ತೊಟ್ಟಿಯೂ ಸೇರಬೇಕು. 30 ಕಿಲೋಗ್ರಾಮಿನ ಒಳಗಿದ್ದ ಯಂತ್ರದ ಜಾಗದಲ್ಲಿ 50ರ ಆಸುಪಾಸಿನದು ಬಂದು ಕುಳಿತಿತ್ತು.

ಹತ್ತಿಪ್ಪತ್ತು ಕಿಲೋ ಭಾರವನ್ನು ದೋಣಿಯು ಲೆಕ್ಕಿಸದು. ಒಂದು ಬುಟ್ಟಿ ಬಂಗುಡೆಯೂ ಅಷ್ಟು ತೂಗುತ್ತದೆ. ಆದರೆ ಬುಟ್ಟಿಯನ್ನು ನಡುವಿಗೆ ಸರಿಸಬಹುದು, ಆಳನ್ನು ಮುಂದಕ್ಕೆ ಕೂರಿಸಬಹುದು. ತುದಿಗೆ ಬಿಗಿದ ಎಂಜಿನ್ ಅಲುಗುವುದಿಲ್ಲ. ಹಿಂಬದಿ ತಗ್ಗುತ್ತದೆ, ಮುಂಬದಿ ಏಳುತ್ತದೆ, ಅಳಿವೆಯಲ್ಲಿ ಹಿಂದಿನಿಂದ ಬೆನ್ನಟ್ಟಿ ಬರುವ ತೆರೆಗೆ ಒಳಬರುವ ದಾರಿ ಸುಗಮವಾಗುತ್ತದೆ. ಅದೂ ಅಲ್ಲದೆ ಫೈಬರಿನ ಹೊದಿಕೆಯೊಳಗಿನ ಮರದ ಹಲಗೆಯು ಬೋಲ್ಟಿನ ರಂಧ್ರಗಳಿಂದ ನೀರು ಕುಡಿದು, ಹೊರಗಿನ ಬಣ್ಣ ಮಾಸದಿರುವಾಗಲೇ ಒಳಗೆ ಲಡ್ಡಾಗುವುದುಂಟು. ಭಾವನವರು ಅದನ್ನು ಸುತ್ತಿಗೆಯ ಹಿಡಿಯಿಂದ ಅಂಗುಲ ಅಂಗುಲವಾಗಿ ಬಡಿದು, ಕಿವಿಗೊಟ್ಟು ಕೇಳಿದರು. ಗಟ್ಟಿಯಾದ ನಾದವೇ ಬಂದಿತು.

ಇನ್ನು ಕಾನೂನಿನ ತೂಕ. ಜೂನ್ 1ರಿಂದ ಜುಲೈ 31ರವರೆಗಿನ 61 ದಿನ ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧ; 10 ಅಶ್ವಶಕ್ತಿಯವರೆಗಿನ ಎಂಜಿನ್ ಹೊತ್ತ ನಾಡದೋಣಿಗಳಿಗೆ ಮಾತ್ರ ವಿನಾಯಿತಿ. ಮಳೆಗಾಲದ ಮೀನಿಗೆ ಬೆಲೆ ಹೆಚ್ಚು. ಕಡಲಿಗೆ ಭಾರವೆನಿಸಿದ ಎಂಜಿನ್ ಕಾನೂನಿಗೂ ಭಾರವಾಗಿ, ನಾಡದೋಣಿಗೆ ಅನ್ನವಾಗುವ ಎರಡು ತಿಂಗಳನ್ನೇ ನುಂಗುವುದಾಗಿತ್ತು.

ಹಳೆಯ ಎಂಜಿನ್ ಎಲ್ಲಿದೆಯೆಂದು ಭಾವನವರು ವಿಚಾರಿಸಿದರು. ಬಲೆಯ ಕೊಟ್ಟಿಗೆಯ ಮೂಲೆಯಿಂದ ಅದನ್ನು ಹೊರತಂದು, ಒರೆಸಿ, ಮೈಮೇಲಿನ ಸಂಖ್ಯೆಯನ್ನು ಪತ್ರದೊಡನೆ ತಾಳೆ ನೋಡಿದಾಗ ಒಂದಂಕಿಯೂ ತಪ್ಪಿರಲಿಲ್ಲ. ದೊಡ್ಡದನ್ನು ಬಿಟ್ಟು ಸಣ್ಣದನ್ನು ಬೇಡುವ ಗಿರಾಕಿಯನ್ನು ಕಂಡು ಮಾರುವವರಿಗೆ ಮೊದಲು ಸಂಶಯ, ಆಮೇಲೆ ಉತ್ಸಾಹ.

“ಇದ್ರಲ್ಲಿ ಬೇಗ ಹೋಪುಕೆ ಆತಿಲ್ಲ ಮಾರಾಯ್ರೆ” ಎಂದರು ಅವರು.

“ಬೇಗ ಹೋಯಿ ಎಂತ ಮಾಡೂದು?” ಎಂದು ಭಾವನವರು ಚೀಟಿಯ ಹಿಂಬದಿಯಲ್ಲಿ ಬೆಲೆ ಬರೆಯತೊಡಗಿದರು. ಜಿಪುಣರೆಂದು ಹೆಸರಾದ ಅವರು, ಎಂಜಿನೂ ಕಾಗದವೂ ಒಂದೇ ಮಾತನ್ನು ನುಡಿಯುವ ದೋಣಿಗೆ ಮನಸ್ಸಿನಲ್ಲಿದ್ದುದಕ್ಕಿಂತ ಎರಡು ಸಾವಿರ ಹೆಚ್ಚಿಗೆ ಕೊಟ್ಟರು.